ಬೆಂಗಳೂರಿನ ನೆಲದಲ್ಲಿ ಹಳೆಯ ತೋಪುಗುಂಡುಗಳು

ಬೆಂಗಳೂರಿನ ನೆಲವನ್ನು ಅಗೆಯುವವರಿಗೆ ಹಳೆಯ ಕಬ್ಬಿಣ ದೊರಕುವುದು ಹೊಸ ಸಂಗತಿಯೇನೂ ಅಲ್ಲ. 2012ರಲ್ಲಿ ಮೆಟ್ರೋ ರೈಲು ಮಾರ್ಗಕ್ಕಾಗಿ ಹಳೆಯ ಕೋಟೆಯ ಸಮೀಪದಲ್ಲಿ ನೆಲವನ್ನು ತೋಡುತ್ತಿದ್ದಾಗ ಎರಡು ದೊಡ್ಡ ಕಬ್ಬಿಣದ ಫಿರಂಗಿಗಳೂ ಗುಂಡುಗಳೂ ಹೊರಬಿದ್ದುವು. ಇಂಥ ವಸ್ತು ಯಾವುದು ಸಿಕ್ಕಿದರೂ ಜನರ ಬಾಯಿಂದ ಮೊದಲು ಬರುವ ಮಾತು ಒಂದೇ: “ಇದು ಟಿಪ್ಪುಸುಲ್ತಾನನ ಗುಂಡು.” ಈ ಮಾತು ಕೆಲವು ವೇಳೆ ನಿಜವಾಗಿರಬಹುದು, ಕೆಲವು ವೇಳೆ ನಿಜಕ್ಕೆ ಬಹು ದೂರವಾಗಿರಬಹುದು. ಗುಂಡು ಸುಲ್ತಾನನದೋ, ಅವನ ಮೇಲೆ ಏರಿಬಂದವರದೋ, ಅವರಿಗೆ ನೂರು ವರ್ಷ ತರುವಾಯ ದಂಡಿನಲ್ಲಿ ಬೀಡುಬಿಟ್ಟಿದ್ದ ಸೈನಿಕರದೋ ಎಂಬುದನ್ನು ತಿಳಿಯುವುದಕ್ಕೆ ಒಂದು ಕ್ರಮವುಂಟು. ಆ ಕ್ರಮವನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ. “ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬ ನಮ್ಮ ಗಾದೆ ಕಬ್ಬಿಣದ ಗುಂಡಿನ ವಿಷಯದಲ್ಲಿಯೂ ಒಪ್ಪುವ ಮಾತು.

ಮೊದಲು ಈ ನೆಲದಲ್ಲಿ ತೋಪುಗಳ ಸಂಚಾರ ಯಾವಾಗ ಯಾವಾಗ ನಡೆಯಿತೆಂಬುದನ್ನು ನೆನಪಿಗೆ ತಂದುಕೊಳ್ಳಬೇಕು. 1791ರ ಮಾರ್ಚಿ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಪೂರ್ವದಿಕ್ಕಿನಿಂದ ಬೆಂಗಳೂರಿಗೆ ಬಂದಿತು. ಮಾರ್ಚಿ 7ರಂದು ಹಲಸೂರು ಬಾಗಿಲನ್ನು ಒಡೆದು ಪೇಟೆಯನ್ನು ಹಿಡಿಯಿತು. ಹಲಸೂರು ಬಾಗಿಲೆಂದರೆ ಹಲಸೂರು ಗ್ರಾಮದಲ್ಲಿದ್ದ ಬಾಗಿಲಲ್ಲ. ಪೇಟೆಯ ಕೋಟೆಯಲ್ಲಿ ಹಲಸೂರಿನ ಕಡೆಗೆ ಮುಖಮಾಡಿದ್ದ ಬಾಗಿಲು. ಇಂದಿಗೂ ಆ ಹೆಸರು ಒಂದು ಪೋಲೀಸು ಠಾಣೆಗೆ ನಿಂತಿದೆ. ಆ ದಿನದ ಕಾಳಗದಲ್ಲಿ ಆಂಗ್ಲರ ತೋಪಖಾನೆಯ ಅಧಿಕಾರಿಯಾದ ಕರ್ನಲ್ ಮೂರ್‌ಹೌಸನು ಮಡಿದನು. ಅನಂತರ ಎರಡು ವಾರಗಳ ಕಾಲ ಭಾರಿ ತೋಪುಗಳು ಕಲ್ಲುಕೋಟೆಯ ಗೋಡೆಯನ್ನು ಹೊಡೆದು ಬಿರುಕುಮಾಡಿದುವು. 21ನೆಯ ತಾರೀಖಿನ ರಾತ್ರಿ ಬೆಳುದಿಂಗಳಲ್ಲಿ ಲಗ್ಗೆ ನಡೆದು ಕೋಟೆ ಬಿದ್ದಿತು. ಕಿಲ್ಲೇದಾರನಾದ ಬಹದೂರ್ ಖಾನನು ಹೋರಾಡುತ್ತ ಪ್ರಾಣವನ್ನೊಪ್ಪಿಸಿದನು. ಗೋಡೆ ಒಡೆದ ಸ್ಥಳವನ್ನು ಸೂಚಿಸುವ ಶಿಲಾಫಲಕವನ್ನು ಕೋಟೆಯ ಗೋಡೆಯಲ್ಲಿ ನೋಡಬಹುದು. ಇದು ಮೊದಲನೆಯ ಕಾಲ.

ಎರಡನೆಯ ಕಾಲವು 1809ರಲ್ಲಿ ಆರಂಭವಾಗುತ್ತದೆ. ಶ್ರೀರಂಗಪಟ್ಟಣದಲ್ಲಿದ್ದ ಆಂಗ್ಲರ ಸೈನ್ಯವು ಅಲ್ಲಿಯ ಹವೆ ಒಗ್ಗದೆ ಬೆಂಗಳೂರಿಗೆ ಬಂದು, ಹಲಸೂರಿನ ಬಯಲಿನಲ್ಲಿ ನೆಲೆಯೂರಿತು. ಜನರು ಅದನ್ನು ದಂಡು ಎಂದು ಕರೆದರು. ಕಾಲಾಳು, ಕುದುರೆ, ತೋಪು ಈ ಮೂರು ಬಗೆಯ ಪಡೆಗಳೂ ಅಲ್ಲಿದ್ದುವೆಂಬುದಕ್ಕೆ ಬೀದಿಗಳ ಹೆಸರುಗಳೇ ಸಾಕ್ಷಿ: ಇನ್‌ಫೆಂಟ್ರಿ ರಸ್ತೆ, ಈಗ ಕಾಮರಾಜ ರಸ್ತೆಯೆನಿಸಿರುವ ಕ್ಯಾವಲ್ರಿ ರಸ್ತೆ, ಹಲಸೂರಿನ ಆರ್ಟಿಲರಿ ರಸ್ತೆ. 1834ರಿಂದ ಮದರಾಸು ಸ್ಯಾಪರ್ಸ್ ಪಡೆಯ ಕೇಂದ್ರವೂ ಇಲ್ಲಿಯೇ ನಿಂತಿತು. ಶಿಬಿರಗಳ ಮುಂದೆ ತೋಡುವುದೂ ತುಂಬುವುದೂ ಸಿಡಿಸುವುದೂ ಅವರ ನಿತ್ಯವೃತ್ತಿ. ಮುಳ್ಳುತಂತಿಯ ಬೇಲಿಯನ್ನು ಸಿಡಿಸಿ ದಾರಿಮಾಡುವ “ಬೆಂಗಳೂರು ಟಾರ್ಪಿಡೊ” ಎಂಬ ಕೊಳವೆಯನ್ನು 1912ರಲ್ಲಿ ಇದೇ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕನು ರೂಪಿಸಿದನು. ಅದು ಎರಡು ಮಹಾಯುದ್ಧಗಳಲ್ಲಿಯೂ ನಮ್ಮ ಊರಿನ ಹೆಸರನ್ನು ಹೊತ್ತು ನಡೆಯಿತು. ದಂಡು ಪ್ರದೇಶವು 1947ರ ಜುಲೈ ತಿಂಗಳಲ್ಲಿ ಮೈಸೂರು ಸರ್ಕಾರಕ್ಕೆ ಮರಳಿತು; ಸೈನ್ಯದ ಸಂಸ್ಥೆಗಳು ಇಂದಿಗೂ ಇವೆ. ಹೀಗೆ ಶಿವಾಜಿನಗರದಿಂದ ಕೃಷ್ಣರಾಜಪುರದವರೆಗಿನ ಪೂರ್ವಭಾಗದಲ್ಲಿ ಒಂದೇ ಗುದ್ದಲಿಗೆ 1791ರ ಗುಂಡೂ ಸಿಕ್ಕಬಹುದು, 1891ರ ಗುಂಡೂ ಸಿಕ್ಕಬಹುದು, 1941ರ ಗುಂಡೂ ಸಿಕ್ಕಬಹುದು. ಹೆಸರಿಡುವುದಕ್ಕೆ ಆತುರಪಡಬಾರದೆಂಬುದಕ್ಕೆ ಇದೇ ಕಾರಣ.

ಇನ್ನು ಗುರುತಿಸುವ ಕ್ರಮ. ಮೊದಲನೆಯ ಪ್ರಶ್ನೆ ಆಕಾರದ್ದು. ಸುಮಾರು 1860ರವರೆಗೆ ತೋಪಿನ ಗುಂಡು ಬಹುಮಟ್ಟಿಗೆ ಚೆಂಡಿನಂತೆ ದುಂಡಗಿತ್ತು. ಒಳಗೆಲ್ಲ ತುಂಬಿದ ಕಬ್ಬಿಣವಾದರೆ ಅದು ಘನಗುಂಡು. ಗೋಡೆಯನ್ನು ಕೆಡಹುವುದಕ್ಕೆ ಮೀಸಲು. ಒಳಗೆ ಪೊಳ್ಳಾಗಿದ್ದು ಮದ್ದನ್ನು ತುಂಬಿ, ಬತ್ತಿ ಇಡುವುದಕ್ಕೆ ಒಂದು ರಂಧ್ರವನ್ನು ಬಿಟ್ಟಿದ್ದರೆ ಅದು ಸಿಡಿಗುಂಡು. ಸಿಡಿಗುಂಡಿನೊಳಗೆ ಮದ್ದಿನೊಡನೆ ಸಣ್ಣ ಸೀಸದ ಗೋಲಿಗಳನ್ನೂ ತುಂಬುವ ಉಪಾಯವನ್ನು 1784ರಲ್ಲಿ ಹೆನ್ರಿ ಶ್ರಾಪ್ನೆಲ್ ಎಂಬ ಆಂಗ್ಲ ಅಧಿಕಾರಿಯು ಕಂಡುಹಿಡಿದನು. ಆಂಗ್ಲ ಸೈನ್ಯವು ಅದನ್ನು ಅಂಗೀಕರಿಸಿದುದು 1803ರಲ್ಲಿ. ಆದಕಾರಣ ಬೆಂಗಳೂರಿನಲ್ಲಿ ಅಂಥ ಗುಂಡು ಸಿಕ್ಕಿದರೆ ಅದು 1791ರ ಮುತ್ತಿಗೆಯದಾಗಿರಲಾರದು. ಒಂದು ಸಣ್ಣ ವಿವರವು ಒಂದು ದೊಡ್ಡ ಕಥೆಯನ್ನು ತಳ್ಳಿಹಾಕುವ ಬಗೆ ಹೀಗೆ.

ಎರಡನೆಯ ಪ್ರಶ್ನೆ ಅಳತೆಯದು. ಆಂಗ್ಲರು ತೋಪುಗಳನ್ನು ಗುಂಡಿನ ತೂಕದಿಂದ ಹೆಸರಿಸುತ್ತಿದ್ದರು: 6 ಪೌಂಡಿನ ತೋಪು, 12 ಪೌಂಡಿನ ತೋಪು, 18, 24 ಎಂದು ಕ್ರಮವಾಗಿ. ಹಿಂದಿನ ತೋಪುಗಾರರಿಗೆ ಒಂದು ಸುಲಭಸೂತ್ರ ಬಾಯಿಪಾಠವಾಗಿತ್ತು: 4 ಅಂಗುಲ ವ್ಯಾಸದ ಕಬ್ಬಿಣದ ಗುಂಡಿನ ತೂಕ 9 ಪೌಂಡು. ವ್ಯಾಸ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಅರ್ಧವಾದರೆ ಎಂಟನೆಯ ಒಂದಂಶಕ್ಕಿಳಿಯುತ್ತದೆ. ಈ ಲೆಕ್ಕದಿಂದ 12 ಪೌಂಡಿನ ಗುಂಡಿನ ವ್ಯಾಸ ಸುಮಾರು 4.4 ಅಂಗುಲ, 18 ಪೌಂಡಿನದು 5 ಅಂಗುಲ, 24 ಪೌಂಡಿನದು ಸುಮಾರು 5.5 ಅಂಗುಲ, ಎಂದರೆ 14 ಸೆಂಟಿಮೀಟರು. ಅಳತೆಗೆ ತಕ್ಕ ತೂಕವಿದ್ದರೆ ಗುಂಡು ಘನವಾದುದು. ತೂಕ ಬಹಳ ಕಡಿಮೆಯಾದರೆ ಒಳಗೆ ಪೊಳ್ಳಿದೆ. ಪೊಳ್ಳಿದ್ದರೆ ಅದರಲ್ಲಿ ಮದ್ದೂ ಇರಬಹುದು. ಈ ಲೆಕ್ಕವು ವಸ್ತುವನ್ನು ಹೆಸರಿಸುವ ಪರಿಣತರ ಕೆಲಸ. ಮನೆಯಲ್ಲಿ ಎತ್ತಿ ತೂಗಿ ಪರೀಕ್ಷಿಸತಕ್ಕ ವಿನೋದವಲ್ಲ.

ಅಳತೆಯೂ ನಮ್ಮನ್ನು ಮೋಸಗೊಳಿಸಬಹುದೆಂಬುದನ್ನು ಮರೆಯಬಾರದು. ಎರಕದ ಕಬ್ಬಿಣವು ಬಹುಕಾಲ ಒದ್ದೆನೆಲದಲ್ಲಿ ಬಿದ್ದಿದ್ದರೆ ಅದರೊಳಗಿನ ಕಬ್ಬಿಣವು ಕರಗಿಹೋಗಿ, ಕರಿಮಸಿಯಂಥ ಗ್ರಾಫೈಟು ಮಾತ್ರ ಆಕಾರವನ್ನು ಹಿಡಿದುಕೊಂಡು ಉಳಿಯುತ್ತದೆ. ಗಾತ್ರ ಹಾಗೆಯೇ ಇದ್ದು ತೂಕ ಇಳಿದಿರುತ್ತದೆ. ಅಲ್ಲದೆ ದುಂಡಗಿರುವ ಕಬ್ಬಿಣವೆಲ್ಲ ತೋಪಿನ ಗುಂಡಲ್ಲ. ಅದುರನ್ನು ಅರೆಯುವ ಗಿರಣಿಗಳಲ್ಲಿ ಉಕ್ಕಿನ ಚೆಂಡುಗಳನ್ನು ಬಳಸುತ್ತಾರೆ. ವ್ಯಾಯಾಮಶಾಲೆಗಳಲ್ಲಿ ಎಸೆಯುವ ಗುಂಡಿನ ತೂಕ 16 ಪೌಂಡು. ತೋಪುಗಳ ಸಾಮಾನ್ಯ ಶ್ರೇಣಿಯಲ್ಲಿ ಆ ತೂಕಕ್ಕೆ ಸ್ಥಾನವಿಲ್ಲ. ಅದನ್ನು ಕಂಡು ಮುತ್ತಿಗೆಯ ಕಥೆಯನ್ನು ಕಟ್ಟಿದರೆ ನಗೆಗೀಡಾಗಬೇಕಾಗುತ್ತದೆ.

ಮೂರನೆಯದು ಗುರುತುಗಳ ಪ್ರಶ್ನೆ. ದುಂಡುಗುಂಡಿನ ಮೇಲೆ ಬಹುಮಟ್ಟಿಗೆ ಏನನ್ನೂ ಬರೆದಿರುವುದಿಲ್ಲ. ಎರಡು ಅಚ್ಚುಗಳು ಕೂಡಿದ ಗೆರೆ, ಎರಕ ಹೊಯ್ದ ಬಾಯಿಯ ಕಲೆ, ಇಲ್ಲವೆ ಸುತ್ತಿಗೆಯಿಂದ ಬಡಿದ ಚಪ್ಪಟೆ ಗುರುತುಗಳು, ಇಷ್ಟನ್ನೇ ಕಾಣಬಹುದು. ನಮ್ಮ ದೇಶದ ಕಮ್ಮಾರರು ಗುಂಡನ್ನು ಬಡಿದು ಮಾಡುವುದು ವಾಡಿಕೆಯಾಗಿತ್ತು. ಯೂರೋಪಿನವರು ಎರಕಹೊಯ್ಯುವುದು ವಾಡಿಕೆ. ಆದರೂ ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಲಾಗದು.

ಫಿರಂಗಿಗಳು ಗುಂಡುಗಳಿಗಿಂತ ಹೆಚ್ಚು ಮಾತನಾಡುತ್ತವೆ. ಬಾಣದ ಮೊನೆಯಂತೆ ಮೂರು ಗೆರೆಗಳಿದ್ದರೆ ಅದು ಆಂಗ್ಲ ಸರ್ಕಾರದ ಸ್ವತ್ತೆಂಬ ಮುದ್ರೆ. ಕಿರೀಟದ ಕೆಳಗೆ ಜಿ. ಆರ್. ಎಂಬ ಅಕ್ಷರಗಳ ಹೆಣಿಗೆಯೂ 3 ಎಂಬ ಅಂಕಿಯೂ ಇದ್ದರೆ 1760ರಿಂದ 1820ರವರೆಗೆ ಆಳಿದ ಮೂರನೆಯ ಜಾರ್ಜ್ ದೊರೆಯ ಕಾಲದ್ದು, ವಿ. ಆರ್. ಎಂದಿದ್ದರೆ 1837ರಿಂದ 1901ರವರೆಗಿನ ವಿಕ್ಟೋರಿಯ ರಾಣಿಯ ಕಾಲದ್ದು. ಹೃದಯದಾಕಾರವನ್ನು ಭಾಗಮಾಡಿ ಅಕ್ಷರಗಳನ್ನಿಟ್ಟು, ಮೇಲೆ 4ರ ಅಂಕಿಯಂಥ ಚಿಹ್ನೆಯನ್ನು ಹಾಕಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಮುದ್ರೆ. ಫಿರಂಗಿಯ ಎರಡು ಪಕ್ಕಗಳಲ್ಲಿ ತೋಳಿನಂತೆ ಚಾಚಿರುವ ಗೂಟಗಳ ಮುಖದಲ್ಲಿ ಎರಕದ ಕಾರ್ಖಾನೆಯ ಹೆಸರೋ ಸಂಖ್ಯೆಯೋ ಇರುವುದುಂಟು. 1759ರಲ್ಲಿ ಸ್ಥಾಪಿತವಾದ ಸ್ಕಾಟ್ಲೆಂಡಿನ ಕ್ಯಾರನ್ ಕಾರ್ಖಾನೆಯು ತನ್ನ ಹೆಸರನ್ನೂ ವರ್ಷವನ್ನೂ ಅಲ್ಲಿಯೇ ಒತ್ತುತ್ತಿತ್ತು.

ಇನ್ನೊಂದು ಗುರುತು ಎಂಥವರನ್ನೂ ದಾರಿತಪ್ಪಿಸಬಲ್ಲುದು. ಆಂಗ್ಲ ಫಿರಂಗಿಯ ಮೇಲೆ “48–2–14” ಎಂಬಂತೆ ಮೂರು ಅಂಕಿಗಳನ್ನು ಕೊರೆದಿರುತ್ತಾರೆ. ನೋಡಿದವರು ಇದನ್ನು ತಾರೀಖೆಂದು ಭಾವಿಸುವುದು ಸಹಜ. ಅದು ತಾರೀಖಲ್ಲ, ತೂಕ. ಮೊದಲನೆಯದು 112 ಪೌಂಡುಗಳ ಹಂಡ್ರೆಡ್‌ವೈಟು, ಎರಡನೆಯದು 28 ಪೌಂಡುಗಳ ಕಾಲುಭಾಗ, ಮೂರನೆಯದು ಬಿಡಿ ಪೌಂಡು. ಲೆಕ್ಕಹಾಕಿದರೆ 5446 ಪೌಂಡು, ಸುಮಾರು 2470 ಕಿಲೋಗ್ರಾಮು ಆಗುತ್ತದೆ. ಅಂಥ ಫಿರಂಗಿಯನ್ನು ಎಳೆಯುವುದಕ್ಕೆ ಎಷ್ಟು ಜೊತೆ ಎತ್ತುಗಳು ಬೇಕಾಗುತ್ತಿದ್ದುವೆಂಬುದನ್ನು ಊಹಿಸಿಕೊಂಡರೆ, ಪೂರ್ವದ ಘಟ್ಟವನ್ನೇರಿ ಬೆಂಗಳೂರಿಗೆ ತೋಪುಗಳನ್ನು ತಂದ ಸೈನ್ಯದ ಶ್ರಮ ಎಷ್ಟೆಂಬುದು ಮನಸ್ಸಿಗೆ ಹತ್ತುತ್ತದೆ.

ಮೈಸೂರಿನ ಗುರುತುಗಳು ಬೇರೆ. ಟಿಪ್ಪುಸುಲ್ತಾನನ ಆಯುಧಗಳಲ್ಲಿ ಹುಲಿಯ ಮೈಮೇಲಿನ ಪಟ್ಟೆಯಂಥ ಅಲಂಕಾರವೂ, ಅಕ್ಷರಗಳನ್ನು ಹೆಣೆದು ಹುಲಿಯ ಮುಖದಂತೆ ಮಾಡಿದ ಮುದ್ರೆಯೂ, ಹುಲಿಯ ತಲೆಯಾಕಾರದ ಬಾಯಿಯೂ ಕಾಣುತ್ತವೆ. ವರ್ಷವನ್ನು ಅವನು ತಾನೇ ಏರ್ಪಡಿಸಿದ ಮೌಲೂದಿ ಶಕೆಯಲ್ಲಿ ಹಾಕಿಸುತ್ತಿದ್ದನು. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೌಲೂದಿ 1224ನೆಯ ವರ್ಷವು ಲೋಹದ ಮೇಲೆ 4221 ಎಂಬಂತೆ ತೋರುತ್ತದೆ. ಅದು ನಮ್ಮ 1796ರ ಸುಮಾರಿಗೆ ಸರಿಹೊಂದುತ್ತದೆ. ಈ ಕೀಲಿ ತಿಳಿಯದವನಿಗೆ ಅದು ಅರ್ಥವಿಲ್ಲದ ಸಂಖ್ಯೆ; ತಿಳಿದವನಿಗೆ ಒಂದು ರಾಜ್ಯದ ಪಂಚಾಂಗ.

ಗುರುತಿಸುವುದರಲ್ಲಿ ತಡವಾದರೂ ಸತ್ಯ ಹೊರಬಂದ ಒಂದು ನಿದರ್ಶನವು ನಮ್ಮ ನಾಡಿನಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರವು ಒಂದು ಕಾಲದಲ್ಲಿ ಕೆಳದಿಯ ಅರಸರ ರಾಜಧಾನಿಯಾದ ಬಿದನೂರು. 1763ರಲ್ಲಿ ಹೈದರನ ವಶವಾಯಿತು. ಅಲ್ಲಿಯ ಒಂದು ಬಾವಿಯ ಹೂಳಿನಲ್ಲಿ 2002ರಲ್ಲಿ ನೂರಕ್ಕಿಂತ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕಿದುವು. ಅವು ಸಾಮಾನ್ಯ ತೋಪುಗುಂಡುಗಳಲ್ಲ, ಮೈಸೂರಿನ ಸೈನ್ಯವು ಹಾರಿಸುತ್ತಿದ್ದ ಅಗ್ನಿಬಾಣಗಳು ಎಂಬುದು ನಿಶ್ಚಯವಾಗುವುದಕ್ಕೆ ಕೆಲವು ವರ್ಷಗಳೇ ಹಿಡಿದುವು. ಒಂದು ಕಡೆ ಮುಚ್ಚಿದ ಕಬ್ಬಿಣದ ಕೊಳವೆ, ಒಳಗೆ ಮದ್ದು, ಬಿದಿರಿಗೋ ಕತ್ತಿಯ ಅಲಗಿಗೋ ಕಟ್ಟುವ ಏರ್ಪಾಡು: ಇದನ್ನರಿತವರಿಗೆ ಮಾತ್ರ ಅದರ ಗುಟ್ಟು ತಿಳಿಯಿತು. 2018ರ ಜುಲೈ ತಿಂಗಳಲ್ಲಿ ಅದೇ ಊರಿನ ಪಾಳುಬಾವಿಯಿಂದ ರಾಜ್ಯದ ಪುರಾತತ್ತ್ವ ಇಲಾಖೆಯವರು ಸಾವಿರಕ್ಕಿಂತ ಹೆಚ್ಚು ಬಾಣಗಳನ್ನು ಹೊರತೆಗೆದರು. ಇವುಗಳ ಮಾದರಿಯನ್ನು ಕಂಡೇ ವಿಲಿಯಂ ಕಾಂಗ್ರೀವನು 19ನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿ ತನ್ನ ರಾಕೆಟ್ಟುಗಳನ್ನು ನಿರ್ಮಿಸಿದನು. ಬಾಣಗಳು ಬಾವಿಯಲ್ಲಿಯೇ ಒಟ್ಟಾಗಿ ಉಳಿದಿದ್ದುದರಿಂದಲೇ ಅದು ಒಂದು ಸಂಗ್ರಹವೆಂದು ತಿಳಿಯಿತು. ಒಂದೊಂದಾಗಿ ಗುಜರಿಗೆ ಹೋಗಿದ್ದರೆ ಕೊಳವೆಗಳು ಕೊಳವೆಗಳಾಗಿಯೇ ಕರಗಿಹೋಗುತ್ತಿದ್ದುವು.

1860ರ ಈಚೆಗೆ ಗುಂಡಿನ ರೂಪವೇ ಬದಲಾಯಿತು. ತೋಪಿನ ಒಳಮೈಯಲ್ಲಿ ಸುರುಳಿಯಾಗಿ ಗಾಡಿಗಳನ್ನು ಕೊರೆದು ಗುಂಡನ್ನು ತಿರುಗಿಸುತ್ತ ಹಾರಿಸುವ ವಿದ್ಯೆ ಬಂದಿತು. ಗುಂಡು ಚೆಂಡಾಗಿರುವುದನ್ನು ಬಿಟ್ಟು ಮೊನೆಯುಳ್ಳ ಉರುಳೆಯಾಯಿತು. ಮೈಮೇಲೆ ಸೀಸದ ಹೊದಿಕೆಯಿದ್ದರೆ 1859ರ ಸುಮಾರಿಗೆ ಬಂದ ಆರ್ಮ್‌ಸ್ಟ್ರಾಂಗ್ ತೋಪಿನದು. ಸಾಲಾಗಿ ಗುಂಡಿಯಂಥ ಲೋಹದ ಮೊಳೆಗಳಿದ್ದರೆ ಅದರ ಮುಂದಿನ ಕಾಲದ, ಬಾಯಿಯಿಂದ ತುಂಬುವ ತೋಪಿನದು. ಬುಡದ ಬಳಿ ತಾಮ್ರದ ಪಟ್ಟಿಯಿದ್ದರೆ 1880ರ ದಶಕದಿಂದೀಚಿನದು. ಈ ತಾಮ್ರದ ಪಟ್ಟಿ ಇನ್ನೊಂದು ಮುಖ್ಯ ವಿಷಯವನ್ನು ತಿಳಿಸುತ್ತದೆ. ಅದು ನುಣುಪಾಗಿದ್ದರೆ ಗುಂಡನ್ನು ಹಾರಿಸಿಲ್ಲ. ಓರೆಯಾಗಿ ಗೆರೆಗಳು ಕೊರೆದಿದ್ದರೆ ಹಾರಿಸಿದ್ದಾರೆ. ಹಾರಿಯೂ ಸಿಡಿಯದೆ ಬಿದ್ದ ಗುಂಡು ಎಲ್ಲಕ್ಕಿಂತ ಭಯಂಕರವಾದುದು.

ದಂಡಿನ ಹಳೆಯ ಬಂಗಲೆಗಳಲ್ಲಿ ಹಿತ್ತಾಳೆಯ ಹೂದಾನಿಯಾಗಿಯೋ ಕೊಡೆ ನಿಲ್ಲಿಸುವ ಪಾತ್ರೆಯಾಗಿಯೋ ಇರುವ ಕೊಳವೆಗಳನ್ನು ಅನೇಕರು ನೋಡಿರಬಹುದು. ಅವು ಗುಂಡುಗಳಲ್ಲ, ಗುಂಡನ್ನು ತಳ್ಳುವ ಮದ್ದನ್ನು ತುಂಬುವ ತೋಟೆಗಳು. ಅವುಗಳ ಬುಡವನ್ನು ತಿರುಗಿಸಿ ನೋಡಿದರೆ ಒಂದು ಜಾತಕವೇ ಕಾಣಿಸುತ್ತದೆ. “18 ಪಿ. ಆರ್.” ಎಂದಿದ್ದರೆ 1904ರಲ್ಲಿ ಬಳಕೆಗೆ ಬಂದು ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲರ ಮುಖ್ಯಾಯುಧವಾಗಿದ್ದ 18 ಪೌಂಡಿನ ತೋಪಿನದು. ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ ಮಾದರಿಯ ಸಂಖ್ಯೆ, ತಯಾರಕನ ಮೊದಲಕ್ಷರಗಳು, ವರ್ಷ. “ಸಿ. ಎಫ್.” ಎಂಬುದು ಕಾರ್ಡೈಟು ಮದ್ದನ್ನು ಪೂರ್ಣ ಪ್ರಮಾಣದಲ್ಲಿ ತುಂಬಿದುದರ ಸೂಚನೆ, ತೋಟೆಯನ್ನು ಮತ್ತೆ ತುಂಬಿದಾಗ ಈ ಗುರುತನ್ನು ಮತ್ತೊಮ್ಮೆ ಒತ್ತುವುದುಂಟು. ಬಾಣದ ಮೊನೆಯ ಕೆಳಗೆ “ಐ” ಎಂಬ ಅಕ್ಷರವಿದ್ದರೆ ಭಾರತ ಸರ್ಕಾರದ ಸ್ವತ್ತು. “ಸಿ” ಅಕ್ಷರದೊಳಗೆ ಬಾಣವಿದ್ದರೆ ಕೆನಡಾದ್ದು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸೈನ್ಯವು ಅದನ್ನು ಕ್ರಮವಾಗಿ ಮಾರಿತೆಂದು ಅರ್ಥ. ಮನೆಯ ಮೂಲೆಯಲ್ಲಿರುವ ಹೂದಾನಿಯು ಯಾವ ದೇಶದಲ್ಲಿ ಹುಟ್ಟಿ, ಯಾವ ಸೈನ್ಯಕ್ಕೆ ಸೇರಿ, ಹೇಗೆ ಬಿಡುಗಡೆ ಹೊಂದಿತೆಂಬುದೆಲ್ಲ ಅಂಗೈಯಗಲದ ಲೋಹದಲ್ಲಿ ಅಡಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ಈ ಭಾಷಣದ ಮುಖ್ಯವಾದ ಮಾತನ್ನು ಹೇಳಬೇಕಾಗಿದೆ. ಗುರುತು ವಸ್ತುವನ್ನು ಮಾಡಿದವರಾರೆಂಬುದನ್ನು ತಿಳಿಸುತ್ತದೆ; ಅದನ್ನು ಉಪಯೋಗಿಸಿದವರಾರೆಂಬುದನ್ನು ತಿಳಿಸುವುದಿಲ್ಲ. ತೋಪುಗಳಿಗೆ ಸ್ವಾಮಿಭಕ್ತಿಯಿಲ್ಲ. ಮೈಸೂರಿನ ಸೈನ್ಯದಲ್ಲಿ ಯೂರೋಪಿನ ತೋಪುಗಳಿದ್ದುವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಒಂಬತ್ತು ನೂರಕ್ಕಿಂತ ಹೆಚ್ಚು ತೋಪುಗಳು ಆಂಗ್ಲರ ಕೈಸೇರಿದುವು. ಆಂಗ್ಲ ಮುದ್ರೆಯ ಗುಂಡನ್ನು ಮೈಸೂರಿನವರು ಹಾರಿಸಿರಬಹುದು; ಮೈಸೂರಿನ ಎರಕವನ್ನು ಆಂಗ್ಲರು ಬಳಸಿರಬಹುದು. ಯಾರು ಯಾರ ಮೇಲೆ ಹಾರಿಸಿದರೆಂಬುದನ್ನು ಹೇಳಬಲ್ಲುದು ಒಂದೇ: ಅದು ಬಿದ್ದಿದ್ದ ಸ್ಥಳ. ಗೋಡೆಯ ಹೊರಮೈಯಲ್ಲಿ ನೆಟ್ಟಿತ್ತೇ, ಒಳಗಿನ ಉಗ್ರಾಣದಲ್ಲಿ ರಾಶಿಯಾಗಿತ್ತೇ, ಎಷ್ಟು ಆಳದಲ್ಲಿತ್ತು, ಜೊತೆಯಲ್ಲಿ ಯಾವ ಹೆಂಚು, ಯಾವ ಮಡಕೆಚೂರು, ಯಾವ ನಾಣ್ಯವಿತ್ತು? ಗುಂಡನ್ನು ಎತ್ತಿ ಒಯ್ದ ಕ್ಷಣದಲ್ಲಿ ಅದರ ಸಾಕ್ಷ್ಯದಲ್ಲಿ ಅರ್ಧ ನಷ್ಟವಾಯಿತು. ಅದನ್ನು ಉಜ್ಜಿ ಹೊಳಪಿಟ್ಟರೆ ಉಳಿದ ಅರ್ಧವೂ ಹೋಯಿತು. ಬಾಣದ ಮೊನೆ, ಕಿರೀಟ, ವರ್ಷ ಇವೆಲ್ಲ ತುಕ್ಕಿನ ತೆಳುಪದರದಲ್ಲಿಯೇ ಉಳಿದಿರುವುದು.

ಬೆಂಗಳೂರಿನ ಪೂರ್ವಭಾಗದಲ್ಲಿ ಈ ನಷ್ಟಕ್ಕೆ ಅವಕಾಶ ಹೆಚ್ಚು. ಒಂದು ಕಾಲಕ್ಕೆ ಬಯಲೂ ಕೆರೆಯಂಗಳವೂ ಗ್ರಾಮಗಳ ಹೊಲಗಳೂ ಆಗಿದ್ದ ಭೂಮಿಯಲ್ಲಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ಇಂದಿರಾನಗರವೇ ಮೊದಲಾದ ಬಡಾವಣೆಗಳು ಎದ್ದುವು. ಕೃಷ್ಣರಾಜಪುರದವರೆಗೂ ಅಡಿಪಾಯ ತೋಡದ ನೆಲ ಕಡಿಮೆ. ಯಂತ್ರದ ಗುದ್ದಲಿಯು ಅರ್ಧ ತಾಸಿನಲ್ಲಿ ತೋಡುವುದನ್ನು ಹಿಂದೆ ಕೂಲಿಯವನು ಒಂದು ವಾರದಲ್ಲಿ ತೋಡುತ್ತಿದ್ದನು. ಅವನ ಕಣ್ಣಿಗೆ ಬೀಳುತ್ತಿದ್ದುದು ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಉಳಿದ ಕಬ್ಬಿಣವನ್ನು ಗುಜರಿಯ ತಕ್ಕಡಿ ಮುಗಿಸುತ್ತದೆ. ಆ ತಕ್ಕಡಿಗೆ ವಿಕ್ಟೋರಿಯ ರಾಣಿಯೂ ಒಂದೇ, ಟಿಪ್ಪುಸುಲ್ತಾನನೂ ಒಂದೇ.

ಚರಿತ್ರೆಯ ನಷ್ಟಕ್ಕಿಂತ ದೊಡ್ಡದು ಪ್ರಾಣದ ನಷ್ಟ. ಹಳೆಯದಾದುದರಿಂದ ಮದ್ದು ಸತ್ತಿರುತ್ತದೆಂಬ ನಂಬಿಕೆ ಅಪಾಯಕರವಾದುದು. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಒಂದು ಗುಂಡನ್ನು 2008ರಲ್ಲಿ ವರ್ಜೀನಿಯ ಪ್ರಾಂತದ ಒಬ್ಬ ಸಂಗ್ರಾಹಕನು ಶುಚಿಮಾಡುತ್ತಿದ್ದಾಗ ಅದು ಸಿಡಿದು ಅವನು ಮೃತಪಟ್ಟನು. ಅವನು ಅನನುಭವಿಯಲ್ಲ, ಎಷ್ಟೋ ಗುಂಡುಗಳನ್ನು ಕೈಯಲ್ಲಿ ಹಿಡಿದಿದ್ದವನು. ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದಲ್ಲಿ 2014ರಲ್ಲಿ ಮೊದಲನೆಯ ಮಹಾಯುದ್ಧದ ಗುಂಡೊಂದು ಸಿಡಿದು ಕಟ್ಟಡದ ಇಬ್ಬರು ಕೆಲಸಗಾರರು ಸತ್ತರು. ಗುಂಡು ನೆಲವನ್ನು ಸೇರಿ ನೂರು ವರ್ಷಗಳಾಗುತ್ತಿದ್ದುವು. ಆದಕಾರಣ ಗುಂಡಾಗಲಿ ಉರುಳೆಯಾಗಲಿ ಸಿಕ್ಕಿದರೆ ಮುಟ್ಟಬಾರದು, ಉರುಳಿಸಬಾರದು, ಕೆರೆಯಬಾರದು, ಕಾಯಿಸಬಾರದು, ರಂಧ್ರವನ್ನು ಕೆದಕಬಾರದು. ಕೆಲಸವನ್ನು ನಿಲ್ಲಿಸಿ, ಜನರನ್ನು ದೂರಕ್ಕೆ ಕಳುಹಿಸಿ, ಪೋಲೀಸರಿಗೆ ತಿಳಿಸಬೇಕು. ಸಿಡಿಮದ್ದನ್ನು ಬಲ್ಲವರು ಅದನ್ನು ಪರೀಕ್ಷಿಸಿದ ಬಳಿಕ ಪುರಾತತ್ತ್ವ ಇಲಾಖೆಯವರ ಸರದಿ. ದೂರದಿಂದ ತೆಗೆದ ಒಂದು ಛಾಯಾಚಿತ್ರ, ಸ್ಥಳದ ಗುರುತು, ಆಳದ ಅಂದಾಜು ಇಷ್ಟನ್ನು ಬರೆದಿಟ್ಟರೆ ಸಾಮಾನ್ಯ ನಾಗರಿಕನು ಮಾಡತಕ್ಕ ಉಪಕಾರ ಪೂರ್ಣವಾಯಿತು. ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು 1972ರ ಕಾಯಿದೆಯು ಪುರಾವಸ್ತುಗಳೆಂದು ಗಣಿಸುತ್ತದೆ. ಅವು ಸಿಕ್ಕಿದವನ ಸೊತ್ತಾಗುವುದಕ್ಕಿಂತ ಊರಿನ ಸೊತ್ತಾಗಿರುವುದು ಮೇಲು.

1791ರ ಮಾರ್ಚಿ ತಿಂಗಳಲ್ಲಿ ಕೋಟೆಯ ಒಳಗೂ ಹೊರಗೂ ಮಡಿದವರಲ್ಲಿ ಹೆಸರು ಉಳಿದವರು ಕೆಲವರೇ. ಮೂರ್‌ಹೌಸನ ಹೆಸರನ್ನು ಅವನ ಕಡೆಯವರು ಬರೆದಿಟ್ಟರು. ಬಹದೂರ್ ಖಾನನ ಹೆಸರನ್ನು ಶತ್ರುಗಳೂ ಮರೆಯಲಿಲ್ಲ. ಗೋಡೆಯನ್ನು ಕಾದ ಸಿಪಾಯಿ, ತೋಪನ್ನೆಳೆದ ಎತ್ತಿನವನು, ಗುಂಡನ್ನು ಬಡಿದ ಕಮ್ಮಾರ ಇವರ ಹೆಸರುಗಳು ಯಾವ ಪತ್ರದಲ್ಲಿಯೂ ಇಲ್ಲ. ಅವರ ಪಾಲಿಗೆ ಉಳಿದಿರುವ ದಾಖಲೆಯೆಂದರೆ ನೆಲದೊಳಗಿನ ಈ ಕಬ್ಬಿಣವೊಂದೇ. ಅದನ್ನು ಓದುವ ಮೊದಲೇ ಹೆಸರಿಟ್ಟರೆ ಅವರಿಗೆ ಅನ್ಯಾಯ. ಓದುವ ಮೊದಲೇ ಕರಗಿಸಿದರೆ ಇನ್ನೂ ದೊಡ್ಡ ಅನ್ಯಾಯ. ಇದ್ದಲ್ಲಿಯೇ ಇಟ್ಟು, ಅಳೆದು, ಓದಿ, ಕೊನೆಗೆ ಹೆಸರಿಡುವುದು ಬೆಂಗಳೂರಿಗೆ ನಾವು ಸಲ್ಲಿಸಬಹುದಾದ ಸಣ್ಣ ಋಣ.